ಎಂಜಿನ್ ಬ್ಲಾಕ್ ಮಷೀನ್ ಶಾಪಿಗೆ ಕೊಡುವ ಮೊದಲು ಇದನ್ನು ಓದಿ

ಅಮೆರಿಕದಲ್ಲಿದ್ದು ಕಮಾರೊ, ಮಸ್ಟಾಂಗ್, ಶೆವೆಲ್ ಥರದ ಹಳೇ ಅಮೆರಿಕನ್ ಕಾರು ತಗೊಂಡು ಮನೆ ಗ್ಯಾರೇಜಲ್ಲೇ ಕಟ್ಟೋಣ ಅಂತ ಹೊರಟಿರುವ ನಮ್ಮವರು ತುಂಬಾ ಜನ ಇದ್ದೀರಿ. ನಿಮಗೇ ಹೇಳ್ತಾ ಇರೋದು. ಬ್ಲಾಕ್ ಅಂದ್ರೆ ಸಿಲಿಂಡರ್ ಇರುವ, ಎಂಜಿನ್ನಿನ ಮುಖ್ಯ ಎರಕದ ದೇಹ. ಅದನ್ನು ಕೊರೆದು ಕೆತ್ತಿ ಸರಿ ಮಾಡುವ ಮಷೀನ್ ಶಾಪಿಗೆ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನನ್ನ ಬ್ಲಾಕ್ ಹೋಯ್ತು. ಬೇರೆ ಯಾವುದೋ ಬ್ಲಾಕ್ ಕೊಟ್ಟು, ಮೇಲೆ ದುಡ್ಡೂ ತಗೊಂಡು ಕಳಿಸಿದ ಆ ಶಾಪಿನ ಮನುಷ್ಯ.

ನನ್ನದು 1969ರ ಕಮಾರೊ ಎಸ್‌ಎಸ್, 350 ಎಂಜಿನ್ (350 ಕ್ಯೂಬಿಕ್ ಇಂಚಿನದು). ಓಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾಗಿದ್ದು. ನಾನಿರೋದೂ ಓಹಾಯೊದಲ್ಲೇ. ಆ ಕಾರ್ಖಾನೆ 1987ರಲ್ಲಿ ಮುಚ್ಚಿತು, ಅಲ್ಲಿ ಹುಟ್ಟಿದ ಕಾರು ಮಾತ್ರ ಹತ್ತಿರದ ಕೊಟ್ಟಿಗೆಯೊಂದರಲ್ಲಿ ಬಿದ್ದಿತ್ತು. ನೆಲದ ಶೀಟ್ ತುಕ್ಕು ತಿಂದಿತ್ತು, ಸೀಟು ಇಲಿ ತಿಂದಿತ್ತು. ಆದರೂ ಜಾಸ್ತಿ ದುಡ್ಡು ಕೊಟ್ಟು ತಗೊಂಡಿದ್ದು ಯಾಕೆ? ಎಂಜಿನ್ ಅದರದ್ದೇ ಅಂತ. ಚಾಸಿಸ್ ನಂಬರಿನ ಒಂದು ಭಾಗವನ್ನು ಎಂಜಿನ್ ಮೇಲೂ ಒತ್ತಿರುತ್ತಾರೆ. ಪ್ಯಾಸೆಂಜರ್ ಕಡೆ ಮುಂಭಾಗದಲ್ಲಿ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಕೂರುವ ಜಾಗದ ಪಕ್ಕದಲ್ಲೇ ಒಂದು ಸಣ್ಣ ಪ್ಯಾಡ್, ಅಂದ್ರೆ ಚಪ್ಪಟೆ ಜಾಗ ಇರುತ್ತೆ, ಅದರ ಮೇಲೆ. ನನ್ನದು 19ಎನ್ ಅಂತ ಶುರುವಾಗುತ್ತಿತ್ತು. 1 ಅಂದ್ರೆ ಶೆವ್ರೊಲೆ, 9 ಅಂದ್ರೆ ವರ್ಷ, ಎನ್ ಅಂದ್ರೆ ನಾರ್ವುಡ್. ಉಳಿದ ಅಂಕಿ ಡ್ಯಾಶ್ ಮೇಲಿನ ನಂಬರಿಗೆ ಸರಿಯಾಗಿ ಕೂಡುತ್ತಿತ್ತು. ಇದು ಹೋದರೆ ಕಾರಿನ ಬೆಲೆಯಿಂದ ಸಾವಿರಾರು ಡಾಲರ್ ಹೋದ ಹಾಗೆ.

ಎಂಜಿನ್ ಇಳಿಸಿದ್ದು, ಬಿಚ್ಚಿದ್ದು ಎಲ್ಲಾ ನಾನೇ. ಬೋಲ್ಟ್‌ಗಳನ್ನು ಪೊಟ್ಟಣ ಕಟ್ಟಿ ಹೆಸರು ಬರೆದಿಟ್ಟೆ. ಆದರೆ ಸಿಲಿಂಡರ್ ಸವೆದಿತ್ತು, 30 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್ ಬೋರ್ ಮಾಡಿಸಲೇಬೇಕಿತ್ತು, ಅಂದ್ರೆ ಸಿಲಿಂಡರನ್ನು ಅಷ್ಟು ಅಗಲಕ್ಕೆ ಕೊರೆಸಬೇಕಿತ್ತು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಶಾಪಿನವನು ವಯಸ್ಸಾದವನು, ಒಳ್ಳೇ ಮಾತುಗಾರ. ಗೋಡೆ ತುಂಬಾ ಡ್ರ್ಯಾಗ್ ರೇಸಿನ ಫೋಟೋ. ನಾನು ಹೇಳಿದ್ದು ಇಷ್ಟೇ: ಕ್ರ್ಯಾಕ್ ಇದೆಯಾ ನೋಡಿ, ಬೋರ್ ಮಾಡಿ, ಒಳಗೋಡೆ ಉಜ್ಜಿ ಹೋನ್ ಮಾಡಿ, ಪ್ಯಾಡ್ ಮಾತ್ರ ಮುಟ್ಟಬೇಡಿ. ಹೆಡ್ ಕೂರುವ ಮೇಲ್ಮೈಯನ್ನು ಸಮ ಮಾಡೋಕೆ ಕೆತ್ತುತ್ತಾರಲ್ಲ, ಡೆಕ್ ಮಾಡೋದು ಅಂತಾರೆ, ಪ್ಯಾಡ್ ಕೂಡ ಅದೇ ಮಟ್ಟದಲ್ಲಿರುತ್ತೆ. ಗಮನ ಕೊಡದೆ ಮಷೀನ್ ಓಡಿಸಿದರೆ ನಂಬರ್ ಚೂರೂ ಉಳಿಯಲ್ಲ. ಪ್ಯಾಡ್ ಬಿಟ್ಟು ಡೆಕ್ ಮಾಡೋಕೆ ಬರುತ್ತೆ, ಗೊತ್ತಿರೋರು ಮಾಡ್ತಾರೆ.

"ಗೊತ್ತು ಗೊತ್ತು" ಅಂದ. ಕ್ಯಾಶ್ ಕೊಟ್ಟರೆ ಟ್ಯಾಕ್ಸ್ ಬಿಡ್ತೀನಿ ಅಂತ 1,500 ಡಾಲರ್ ಇಸ್ಕೊಂಡ. ರಸೀದಿಯಲ್ಲಿ ಬರೆದಿದ್ದು "350 ಬ್ಲಾಕ್, ಬೋರ್, ಹೋನ್" ಅಷ್ಟೇ. ನಂಬರೂ ಬರೀರಿ ಅಂದರೆ ನಕ್ಕ. "ಇಲ್ಲಿರೋ ಕಮಾರೊ ಬ್ಲಾಕ್ ಇದೊಂದೇ, ಅದೆಲ್ಲಿ ಕಳೆದುಹೋಗುತ್ತೆ?"

ಊರಲ್ಲಿ ಸ್ಕೂಟರ್ ಬೋರ್ ಮಾಡಿಸೋಕೆ ಲೇತ್‌ಗೆ ಹೋದರೆ ಟೀ ಕುಡೀತಾ ಎದುರಿಗೇ ಕೂತು ಮಾಡಿಸಿಕೊಂಡು ಬರ್ತೀವಿ. ಇಲ್ಲಿ ಒಳಗೇ ಬಿಡಲ್ಲ, ಇನ್ಶೂರೆನ್ಸ್ ಅಂತಾರೆ.

ಆಮೇಲೆ ಶುರುವಾಯ್ತು. ಮುಂದಿನ ವಾರ. ಹುಡುಗ ರಜೆ. ಹೋನಿಂಗ್ ಮಷೀನ್ ಕೆಟ್ಟಿದೆ. ಮತ್ತೆ ಮುಂದಿನ ವಾರ. ಚಳಿಗಾಲ ಪೂರ್ತಿ ಹೀಗೇ ಹೋಯ್ತು. ಕೊನೆಗೆ ಬಾ ಅಂದ. ಹೋದರೆ ಬ್ಲಾಕ್ ಫಳಫಳ ಅಂತಿದೆ, ಪ್ಯಾಡ್ ಕನ್ನಡಿ ಥರ ನುಣ್ಣಗಿದೆ. ನಂಬರ್ ಇಲ್ಲ! ಕೇಳಿದೆ. "ಮೇಲ್ಮೈ ಸೊಟ್ಟ ಆಗಿತ್ತು, ಡೆಕ್ ಮಾಡಲೇಬೇಕಾಯ್ತು. ಆಗ ನಂಬರ್ ಹೋಗುತ್ತೆ. ಎಲ್ಲರದ್ದೂ ಹಾಗೇ." ಅದಕ್ಕೆ ಮೇಲೆ 300 ಡಾಲರ್ ಬೇರೆ. ಕೊಡದೆ ಬ್ಲಾಕ್ ಬಿಡಲ್ಲ ಅಂದ. ಕೊಟ್ಟೆ. ಹೊಟ್ಟೆ ಉರೀತಿತ್ತು, ಆದರೂ ನಂಬರ್ ಹೋದರೆ ಹೋಗಲಿ, ಬ್ಲಾಕ್ ನನ್ನದೇ ಅಲ್ವಾ ಅಂದುಕೊಂಡು ತಂದೆ.

ನನ್ನದಾಗಿರಲಿಲ್ಲ.

ಆರೆಂಜ್ ಪೇಂಟ್ ಹೊಡೆಯೋಕೆ ಅಂತ ಸ್ಟ್ಯಾಂಡಿಗೆ ಹಾಕುವ ಮೊದಲು ಹಿಂಭಾಗ ಒರೆಸ್ತಾ ಇದ್ದೆ. ಡ್ರೈವರ್ ಕಡೆ ಎರಕದ ನಂಬರ್ 3970010. ಸರಿ ಇದೆ, ನನ್ನದೂ ಅದೇ. ಆದರೆ ಶೆವ್ರೊಲೆಯ ಮಾತೃಕಂಪನಿ ಜಿಎಂ ಈ ನಂಬರಿನ ಬ್ಲಾಕನ್ನು ವರ್ಷಾನುಗಟ್ಟಲೆ ಎರಕ ಹೊಯ್ದಿದೆ, ಬೇಕಾದಷ್ಟು ಸಿಗುತ್ತೆ. ಗೊತ್ತಾಗೋದು ಇನ್ನೊಂದು ಕಡೆಯ ತಾರೀಕಿನಿಂದ. ನನ್ನ ಹಳೇ ಫೋಟೋದಲ್ಲಿ ಸಿ 11 9. ಅಕ್ಷರ ತಿಂಗಳು, ಸಿ ಅಂದ್ರೆ ಮಾರ್ಚ್. 1969ರ ಮಾರ್ಚ್ 11. ಕಣ್ಣೆದುರು ಇದ್ದಿದ್ದು ಕೆ 14 4. ನವೆಂಬರ್ 14, 1974!

1969ರ ಕಾರಿಗೆ 1974ರಲ್ಲಿ ಹೊಯ್ದ ಎಂಜಿನ್. ಬ್ಲಾಕ್ ತಿರುಗಿಸಿ ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪ್ ನೋಡಿದೆ. ನನ್ನದರಲ್ಲಿ ನಡುವಿನ ಮೂರು ಕ್ಯಾಪಿಗೆ ನಾಲ್ಕು ನಾಲ್ಕು ಬೋಲ್ಟ್ ಇತ್ತು. ಇದರಲ್ಲಿ ಎಲ್ಲದಕ್ಕೂ ಎರಡೆರಡೇ. ಗ್ಯಾರೇಜಿನ ನೆಲದ ಮೇಲೇ ಕೂತುಬಿಟ್ಟೆ. ಮೇಲ್ಮೈ ಸೊಟ್ಟ ಆಗಿತ್ತು ಅಂತ ಡೆಕ್ ಮಾಡಿದ್ದಲ್ಲ ಅವನು. ಬೇರೆ ಕಾರಿನ ನಂಬರ್ ಅಳಿಸೋಕೆ ಮಾಡಿದ್ದು. ಅಳಿಸಿದ್ದಕ್ಕೆ ನನ್ನ ಹತ್ತಿರಾನೇ 300 ಡಾಲರ್ ಇಸ್ಕೊಂಡಿದ್ದು! ಬರೀತಾ ಇದ್ದರೆ ಈಗಲೂ ಮೈ ಉರಿಯುತ್ತೆ.

ಫೋನ್ ಮಾಡಿದೆ. ಏನಂದ ಗೊತ್ತಾ? "ಅದು 4 ಅಲ್ಲ, 9. ಎರಕದಲ್ಲಿ ಮುಕ್ಕಾಗಿ ಹಾಗೆ ಕಾಣುತ್ತೆ." ಸರಿ ಮಾರಾಯ, ಸಿ ಮುಕ್ಕಾಗಿ ಕೆ ಆಯ್ತಾ? 11 ಮುಕ್ಕಾಗಿ 14 ಆಯ್ತಾ? ಬೋಲ್ಟ್ ಕೂಡ ಮುಕ್ಕಾಗಿ ಉದುರಿಹೋಯ್ತಾ? ಫೋಟೋ ಕಳಿಸಿದೆ. "ಯಾವ ಎಂಜಿನ್ ಫೋಟೋನೋ ಯಾರಿಗೆ ಗೊತ್ತು" ಅಂತ ಮೆಸೇಜ್ ಬಂತು. ಆಮೇಲೆ ಇನ್ನೊಂದು: "350 ಅಂದ್ರೆ 350. ಓಡುತ್ತೆ. ನಿನಗಿದು ಮೊದಲನೇ ಎಂಜಿನ್ ಅಲ್ವಾ?"

ಈ ಮಾತು ದುಡ್ಡಿಗಿಂತ ಜಾಸ್ತಿ ಚುಚ್ಚಿತು. ಹೊಸಬ, ಏನೂ ಗೊತ್ತಾಗಲ್ಲ ಅಂತ ಮೊದಲ ದಿನವೇ ಲೆಕ್ಕ ಹಾಕಿದ್ದ.

ಕೋರ್ಟ್ ಅಂದ ತಕ್ಷಣ ಕಥೆ ಬದಲಾಯ್ತು. ನನ್ನ ಬ್ಲಾಕ್ ಕ್ರ್ಯಾಕ್ ಆಗಿತ್ತಂತೆ, ಪಾಪ ಅಂತ ಅವನೇ ಒಳ್ಳೇದೊಂದು ಹುಡುಕಿ ಕೊಟ್ಟನಂತೆ! ಹಿಂದಿನ ವಾರ ಇದು ನಿನ್ನದೇ ಅಂದವನು ಇವನೇ. ಹಾಗಾದರೆ ಕ್ರ್ಯಾಕ್ ಆದ ಬ್ಲಾಕ್ ಎಲ್ಲಿ? "ಗುಜರಿಗೆ ಹೋಯ್ತು." ಟೆಸ್ಟ್ ಮಾಡಿದ ಫೋಟೋ? ಇಲ್ಲ. ಗುಜರಿಯಾದರೂ ಅದು ನನ್ನ ಗುಜರಿ ಅಲ್ವಾ, ಕೇಳದೆ ಹಾಕೋಕೆ ಇವನ್ಯಾರು?

ಮನೆಯಲ್ಲಿ ಹೇಳೋಕೆ ನಾಚಿಕೆ. "ರೀ, ಒಂದು ಕಬ್ಬಿಣದ ತುಂಡಿಗೆ ಇಷ್ಟೊಂದಾ?" ಅಂತಾಳೆ ಇವಳು. ಕನ್ನಡ ಸಂಘದ ಊಟದಲ್ಲಿ ಗೆಳೆಯನೊಬ್ಬ, ಓಡುತ್ತಲ್ಲಾ ಬಿಡೋ ಅಂದ. ಇನ್ನೊಬ್ಬ ಪರಿಚಯದವನಂತೂ ಪ್ಯಾಡ್ ಮೇಲೆ ಹಳೇ ನಂಬರ್ ಹೊಸದಾಗಿ ಒತ್ತಿಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂತ ಬಂದ. ನಾಳೆ ನಾನು ಇನ್ಯಾವನಿಗೋ ಟೋಪಿ ಹಾಕೋದಾ? ಬೇಡಪ್ಪಾ.

ನೀವು ಮಾಡಬೇಕಾದ್ದು ಇಷ್ಟು. ಪ್ಯಾಡ್, ಎರಕದ ನಂಬರ್, ಎರಕದ ತಾರೀಕು, ಮೂರರ ಫೋಟೋನೂ ಶಾಪಿನ ಒಳಗೆ, ಅವರ ಎದುರಿಗೇ ತೆಗೀರಿ. ಎಲ್ಲವನ್ನೂ ರಸೀದಿಯಲ್ಲಿ ಬರೆಸಿ, "ಪ್ಯಾಡ್ ಮುಟ್ಟಬಾರದು" ಅಂತಾನೂ ಬರೆಸಿ. ಬರೆಯಲ್ಲ ಅಂದರೆ ಬ್ಲಾಕ್ ಹೊತ್ಕೊಂಡು ವಾಪಸ್ ಬನ್ನಿ, ನಕ್ಕರೆ ನಗಲಿ. ಕಾರ್ಡಲ್ಲೇ ದುಡ್ಡು ಕೊಡಿ. ಒಳಗಡೆ ಎಲ್ಲಾದರೂ ಪಂಚ್‌ನಲ್ಲಿ ನಿಮಗೆ ಮಾತ್ರ ಗೊತ್ತಿರುವ ಒಂದು ಚುಕ್ಕೆ ಹೊಡೆದಿಡಿ.

ನಾನು ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ದಾವೆಗಳ) ಕೋರ್ಟಿಗೆ ಹಾಕಿದ್ದೇನೆ. ಓಹಾಯೊದಲ್ಲಿ ಅಲ್ಲಿ 6,000 ಡಾಲರ್ ತನಕ ಕೇಳಬಹುದು. ಅಷ್ಟು ಬಂದರೂ ಬ್ಲಾಕ್ ಬರಲ್ಲ. ಅದು ಗುಜರಿಗೆ ಹೋಗಿಲ್ಲ, ಮಾರಿದ್ದಾನೆ ಅಂತಾನೇ ನನ್ನ ನಂಬಿಕೆ. ಓಹಾಯೊ, ಇಂಡಿಯಾನಾ, ಕೆಂಟಕಿ ಕಡೆ ಇರುವವರು ಹಳೇ ಬಿಡಿಭಾಗ ಮಾರುವ ಸ್ವಾಪ್ ಮೀಟ್‌ಗಳಲ್ಲಿ 350 ಬ್ಲಾಕ್ ಕಂಡರೆ ಹಿಂಭಾಗ ಒರೆಸಿ ನೋಡಿ. 3970010, ಸಿ 11 9, ನಾಲ್ಕು ಬೋಲ್ಟಿನ ಕ್ಯಾಪ್, ಪ್ಯಾಡ್ ಮೇಲೆ 19ಎನ್. ಸಿಕ್ಕಿದರೆ ಮಾರುವವನಿಗೆ ಏನೂ ಹೇಳಬೇಡಿ, ಫೋಟೋ ತೆಗೆದು ನನಗೆ ಕಳಿಸಿ.