ಕಾಂಗರೂ ವಾರ್ಡಿಗೆ ನಾಲ್ಕು ಸ್ಟಾರ್, ಮಗನ ಬರ್ತ್‌ಡೇ ದಿನ ಬರದಿದ್ದು

ಇವತ್ತ ನಮ್ಮ ಹುಡುಗಗ ಆರು ತುಂಬಿ ಏಳಕ್ಕ ಬಿತ್ತು. ಮುಂಜಾನಿಂದ ಜೆಸಿಬಿ ಕೇಕ್ ಬೇಕಂತ ಕುಣ್ಯಾಕತ್ಯಾನ. ಇವ ಹುಟ್ಟಿದಾಗ 1 ಕೆಜಿ 600 ಗ್ರಾಂ ಇದ್ದ ಅಂದ್ರ ಈಗ ನೋಡಿದವರು ಯಾರೂ ನಂಬಂಗಿಲ್ಲ. ಜನ ಬಿರಿಯಾನಿಗೆ ರಿವ್ಯೂ ಬರೀತಾರ, ಮೊಬೈಲ್ ಅಂಗಡಿಗೆ ಬರೀತಾರ, ಸರಕಾರಿ ದವಾಖಾನಿಗೆ ಬರಿಯೋದು ಬೈಯಾಕಷ್ಟ. ನಾನೂ ಬೈಯೋದು ಐತಿ, ಆದ್ರ ಅದಕ್ಕಿಂತ ಹೊಗಳೋದು ಜಾಸ್ತಿ ಐತಿ. ಕೊಪ್ಪಳ ಜಿಲ್ಲೆದಾಗಿನ ಒಂದು ಸರಕಾರಿ ದವಾಖಾನಿ ಅಂತಷ್ಟ ತಿಳ್ಕೊಳ್ರಿ, ಹೆಸರು ಬ್ಯಾಡ.

ಆಗ ಗವಿಮಠದ ಅಜ್ಜನ ಜಾತ್ರಿ ಟೈಮು. ನನಗ ಎಂಟರಾಗ ಇತ್ತು, ತವರಿಗೆ ಹೋಗೋದು ಇನ್ನೂ ಮಾತಾಡಾಕತ್ತಿದ್ರು, ಅಷ್ಟರಾಗ ಒಂದಿನ ನಸುಕಿನ್ಯಾಗ ನೀರು ಹೋತು. 108ಕ್ಕ ಫೋನ್ ಮಾಡಿದ್ರ ಗಾಡಿ ಬಂತು ಬರೋಬ್ಬರಿ, ಆದ್ರ ರೋಡ್ ತುಂಬ ದಾಸೋಹಕ್ಕ ರೊಟ್ಟಿ, ದವಸ ಹೇರ್ಕೊಂಡು ಹೊಂಟ ಟ್ರ್ಯಾಕ್ಟರ್. ಡ್ರೈವರ್ ಹಾರ್ನ್ ಹೊಡದು ಹೊಡದು ಸಾಕಾದ, ಆಮ್ಯಾಲ ಟ್ರ್ಯಾಕ್ಟರ್ ಮ್ಯಾಲಿನ ಒಬ್ಬ ಅಜ್ಜ ಟವೆಲ್ ಬೀಸಿ ಎಲ್ಲಾರನ್ನೂ ಸೈಡಿಗೆ ಸರಿಸಿದ. ಅಂವ ಯಾರೋ ಏನೋ, ಅಂವಗೂ ಒಂದು ಸ್ಟಾರ್ ಕೊಡಾಕ ಬೇಕು.

ಹೆರಿಗಿ ನಾರ್ಮಲ್ ಆತು. ಕೂಸಿನ್ನ ನನಗ ಸರಿಯಾಗಿ ತೋರಿಸೋದರೊಳಗ ಎಸ್‌ಎನ್‌ಸಿಯುಗೆ ಒಯ್ದ್ರು, ಅಂದ್ರ ಸಣ್ಣ ಕೂಸುಗಳ್ನ ಇಡೋ ಸ್ಪೆಷಲ್ ರೂಮು. ನಮ್ಮವ್ವ ಹೊಲ್ಕೊಂಡು ಬಂದಿದ್ದ ಕುಂಚಿಗಿ ಹಾಕಿದ್ರ ಅವನ ಮುಖಾನ ಮುಚ್ಚಿ ಹೋಗ್ತಿತ್ತು. ಅತ್ತಿಯವರು ಬಾಗಲದಾಗ ನಿಂತು ‘ಉಳಿಯೋ ಕೂಸೇನವ್ವ ಇದು’ ಅಂದಿದ್ದು ನನ್ನ ಕಿವಿಗೆ ಬಿತ್ತು, ಅವರಿಗೂ ಹೆದರಿಕಿ ಇತ್ತು ಬಿಡ್ರಿ.

ಉಸಿರಾಟ ಸರಿ ಆದಮ್ಯಾಲ ನನ್ನ ಕಾಂಗರೂ ವಾರ್ಡಿಗೆ ಹಾಕಿದ್ರು. ನಾನು ಏನೋ ಮಷಿನ್ ಇರತೈತಿ ಅನ್ಕೊಂಡಿದ್ದೆ. ಮಷಿನ್ ಇಲ್ಲ ಏನಿಲ್ಲ, ಹಿಂದಕ್ಕ ವಾಲೋ ಕುರ್ಚಿ, ಒಂದು ಬಟ್ಟಿ, ಮತ್ತ ನನ್ನ ಎದಿ, ಅಷ್ಟ. ಕೂಸಿಗೆ ಟೊಪಗಿ, ಸಾಕ್ಸ್, ಡೈಪರ್ ಬಿಟ್ರ ಬ್ಯಾರೆ ಬಟ್ಟಿ ಇಲ್ಲ. ಎದಿ ನಡುವ ನೆಟ್ಟಗ ಇಟ್ಟು, ಮುಖ ಒಂದ್ ಕಡಿ ಹೊಳ್ಳಿಸಿ, ಕಾಲು ಕಪ್ಪಿ ಹಂಗ ಮಡಿಸಿ, ಮ್ಯಾಲ ಬಟ್ಟಿ ಕಟ್ಟೋದು. ಸಿಸ್ಟರ್ ಬಂದು ಕುತ್ತಿಗಿ ಮುಂದಕ್ಕ ಬಾಗೇತೇನು ನೋಡೋರು, ಬಾಗಿದ್ರ ಉಸಿರು ಕಟ್ಟತೈತಿ ಅಂತ ಎರಡು ಬೆರಳಿಂದ ಗದ್ದ ಎತ್ತಿ ಸರಿ ಮಾಡಿ, ಮತ್ತ ನನ್ನ ಕೈಲೆ ಮಾಡ್ಸೋರು, ಬರೋತನಕ ಬಿಡ್ತಿದ್ದಿಲ್ಲ. ಹಾಲು ಹಿಂಡಿ ಒಳಲೆಯಿಂದ ಕುಡಿಸೋದೂ ಅವರ ಕಲಿಸಿದ್ದು. ಜನವರಿ ಥಂಡಿ ಬ್ಯಾರೆ, ಮೊದಲು ಮುಟ್ಟಿದ್ರ ಪಾದ ತಣ್ಣಗಿರ್ತಿದ್ವು, ಎದಿಮ್ಯಾಲ ಹಾಕ್ಕೊಂಡು ಸ್ವಲ್ಪ ಹೊತ್ತಿಗೆ ಬೆಚ್ಚಗ.

ಇದು ಬಡವರಿಗೆ ಅಂತ ಮಾಡಿದ ಜುಗಾಡ್ ಅಂತ ಒಬ್ರು ನನಗ ಹೇಳಿದ್ರು. ಹುಟ್ಟಿದ್ದು ಜುಗಾಡಿನಿಂದಾನ ಖರೆ, 1978ರಾಗ ಕೊಲಂಬಿಯಾದ ಬೊಗೋಟಾದಾಗ ಇನ್‌ಕ್ಯುಬೇಟರ್ ಸಾಲದಿದ್ದಾಗ ಅಲ್ಲಿ ಡಾಕ್ಟರ್ ಶುರು ಮಾಡಿದ್ದು. ಈಗ ಡಬ್ಲ್ಯೂಎಚ್‌ಒದವರ ಸಣ್ಣ ಕೂಸಿಗೆಲ್ಲ ದಿನಕ್ಕ ಕಮ್ಮಿ ಅಂದ್ರ 8 ತಾಸು, ಆದ್ರ 24 ತಾಸೂ ಹಿಂಗ ಇಡ್ರಿ ಅಂತಾರ, ದೊಡ್ಡ ದೊಡ್ಡ ಪ್ರೈವೇಟ್‌ದಾಗೂ ಮಾಡ್ತಾರ. ಮತ್ತ ಇದನ್ನ ಇಡೀ ಜಿಲ್ಲೆಗೆ ಹಬ್ಬಿಸಿ ನೋಡಾಕ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರದ ಜೋಡಿ ಸೇರಿ ಆರಿಸ್ಕೊಂಡಿದ್ದ ನಮ್ಮ ಕೊಪ್ಪಳನ್ನ, ಇದು ನಮ್ಮ ಮಂದಿಗೇ ಗೊತ್ತಿಲ್ಲ ನೋಡ್ರಿ!

ಆದ್ರ ಒಬ್ಬಾಕಿ ಕೈಲೆ ಇದು ಆಗೋ ಮಾತಲ್ಲ. ಉಣ್ಣಬೇಕು, ಬಾತ್‌ರೂಮಿಗೆ ಹೋಗಬೇಕು, ಬೆನ್ನು ಹಿಡಕೊಂತೈತಿ. ಸಿಸ್ಟರ್ ನಮ್ಮ ಮನಿಯವರಿಗೆ ‘ಅಂಗಿ ಬಿಚ್ರಿ ಅಣ್ಣಾ’ ಅಂದ್ರು, ಇವರು ನಾಚಿ ಕಂಬದ ಹಿಂದ ಹೋಗಿ ನಿಂತ್ರು. ಅತ್ತಿಯವರಂತೂ ‘ಗಂಡಸ್ರ ಎದಿಮ್ಯಾಲ ಬಾಣಂತಿ ಕೂಸು ಯಾರ ಹಾಕ್ತಾರವ್ವ, ಎಣ್ಣಿ ಹಚ್ಚಿ ಎರದು ಹೊಗಿ ಹಾಕಿದ್ರ ಬೆಚ್ಚಗಾಗತೈತಿ’ ಅಂತ ಒಂದ ಹಟ. ಸಿಸ್ಟರ್ ಜಗಳ ಮಾಡ್ಲಿಲ್ಲ, ಅಜ್ಜಿ ಕೂಡ್ರಿ ಇಲ್ಲೆ ಅಂತ ಕೂಡ್ರಿಸಿ ಅವರ ಎದಿಮ್ಯಾಲನ ಕೂಸಿನ್ನ ಹಾಕಿದ್ರು. ಅಷ್ಟ. ಆಮ್ಯಾಲ ಅವರ ಪಾಳಿ ಬಿಡಸ್ಕೊಳ್ಳೋದ ನಮಗ ಕಷ್ಟ ಆತು, ತೂಕದ ಟೈಮಿಗೆ ಎಲ್ಲಾರಿಗಿಂತ ಮೊದ್ಲ ತಕ್ಕಡಿ ಮುಂದ ಅವರ.

ಇನ್ನ ಬೈಯೋದು. ಬಾತ್‌ರೂಮ್ ಹೇಳಬ್ಯಾಡ್ರಿ, ಹೊಲಿಗಿ ಬಿದ್ದ ಹೆಣಮಕ್ಕಳು ಹೋಗೋ ಜಾಗ ಅಲ್ಲ. ಹೆರಿಗಿ ಆದ ಕೂಡ್ಲೆ ‘ಗಂಡು ಹುಟ್ಯಾನ, ಖುಷಿ ಕೊಡ್ರಿ’ ಅಂತ ಕೈ ಒಡ್ಡಿದವರು ಇದ್ರು, ಪಕ್ಕದ ಬೆಡ್ಡಿನಾಕಿಗೆ ಹೆಣ್ಣಂತ ಕಮ್ಮಿ ರೇಟ್, ಅದು ಕೇಳಿ ಮೈ ಉರೀತು ನನಗ. ಸರಕಾರಿ ದವಾಖಾನ್ಯಾಗ ಹೆರಿಗಿ, ಔಷಧ, ಊಟ, ಮನಿಗೆ ಬಿಡೋ ಗಾಡಿ ಎಲ್ಲಾ ಫ್ರೀ ರೀ, ಜನನಿ ಶಿಶು ಸುರಕ್ಷಾ ಅಂತ 2011ರಿಂದ ಐತಿ, ಯಾರಿಗೂ ಒಂದ್ ರೂಪಾಯಿ ಕೊಡೋದು ಬೇಕಾಗಿಲ್ಲ. ಊಟ ಸುಮಾರು, ಸಾರು ನೀರನೀರು, ಆದ್ರ ಟೈಮಿಗೆ ಸರಿ ಬರ್ತಿತ್ತು. ಸಪ್ಪಳ ಭಾಳ. ಮನಿಗೆ ಬಿಟ್ಟಿದ್ದು ನಗು ಮಗು ಗಾಡಿ, ಅದ್ರ ಬಗ್ಗೆ ಏನೂ ಕಂಪ್ಲೇಂಟ್ ಇಲ್ಲ.

ದೊಡ್ಡ ಕೊರತಿ ಅಂದ್ರ ಡಿಸ್ಚಾರ್ಜ್ ದಿನದ ಗಡಿಬಿಡಿ. 2 ಕೆಜಿಗಿಂತ ಕಮ್ಮಿ ಹುಟ್ಟಿದ ಕೂಸಿಗೆ 30 ದಿನ ತುಂಬೋದರೊಳಗ ಕಣ್ಣಿನ ರೆಟಿನಾ ಚೆಕ್ ಆಗ್ಬೇಕು, ತಪ್ಪಿದ್ರ ಕಣ್ಣ ಹೋಗಬಹುದು, ಇದನ್ನ ನಮಗ ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಕಾರ್ಡಿನ್ಯಾಗ ಮೂಲ್ಯಾಗ ಇಂಗ್ಲಿಷ್‌ದಾಗ ಬರದಿತ್ತು. ಮನಿಗೆ ತೂಕ ನೋಡಾಕ ಬಂದ ಆಶಾ ಅಕ್ಕ ಅದನ್ನ ಓದಿ, ಕೇಳಿ, ಬೆನ್ನು ಹತ್ತಿ ಕಳಿಸಿದ್ಲು. ಅದಕ್ಕ ಒಂದು ಸ್ಟಾರ್ ಕಟ್, ಬಾತ್‌ರೂಮಿಗೆ ಅಲ್ಲ.

ಹೋಗೋರಿಗೆ: ಮುಂದ ಗುಂಡಿ ಇರೋ ನೈಟಿ ಮೂರ್‌ನಾಲ್ಕು ಒಯ್ಯಿರಿ, ಮೆತ್ತನ್ನ ಹಳೇ ಕಾಟನ್ ಸೀರಿ ಹರದು ಒಯ್ಯಿರಿ, ಅಂಟಿನುಂಡಿ ಡಬ್ಬಿ ಒಯ್ಯಿರಿ. ಎದಿಮ್ಯಾಲ ಕೂಸು ಹಾಕ್ಕೊಳ್ಳಾಕ ಒಪ್ಪೋ ಒಬ್ಬ ಮನಿಮಂದಿನ ಜೋಡಿ ಕರ್ಕೊಂಡು ಹೋಗ್ರಿ, ಗಂಡ ಆದ್ರೂ ಸರಿ ಅತ್ತಿ ಆದ್ರೂ ಸರಿ. ಕಣ್ಣಿನ ಚೆಕಪ್ ತಾರೀಖು ಯಾವಾಗ, ಯಾವ ಊರಿಗೆ ಅಂತ ಹೊರಡೋ ಮುಂಚೆ ಸಿಸ್ಟರ್ ಕೈಲೆ ಕನ್ನಡದಾಗ ಬರಸ್ಕೊಳ್ರಿ.