ರ‍್ಯಾಂಡಮ್, ಜಿಟರ್, ಸೋಬೋಲ್: ರೆಂಡರಿಂಗ್‌ಗೆ ಯಾವುದು ವಾಸಿ?

ಸುಮ್ನೆ ಕಲಿಯೋಣ ಅಂತ ಬರೆದ ಪಾತ್ ಟ್ರೇಸರ್ ನನ್ನದು, ಅಂದರೆ ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ 3D ದೃಶ್ಯದ ಚಿತ್ರ ಬಿಡಿಸುವ (ರೆಂಡರ್ ಮಾಡುವ) ಪ್ರೋಗ್ರಾಮ್. ಟೆಸ್ಟ್‌ಗೆ ಎಲ್ಲರೂ ಹಾಕುವ ಕಾರ್ನೆಲ್ ಬಾಕ್ಸ್: ಒಂದು ಕಡೆ ಕೆಂಪು ಗೋಡೆ, ಇನ್ನೊಂದು ಕಡೆ ಹಸಿರು, ಚಾವಣಿಯಲ್ಲಿ ಪುಟ್ಟ ದೀಪ, ಒಳಗೆ ಎರಡು ಡಬ್ಬ. ಪಿಕ್ಸೆಲ್‌ಗೆ 64 ಸ್ಯಾಂಪಲ್, ಅಂದರೆ 64 ಕಿರಣ ಬಿಟ್ಟು ಸರಾಸರಿ ತೆಗೆಯೋದು. ಆ ಕಿರಣ ಎಲ್ಲಿಗೆ, ಯಾವ ದಿಕ್ಕಿಗೆ ಅಂತ ಹೇಳುವ ಸಂಖ್ಯೆಗಳನ್ನು ಹೇಗೆ ಆರಿಸೋದು ಅನ್ನೋದೇ ಪ್ರಶ್ನೆ.

ಬರೀ ರ‍್ಯಾಂಡಮ್ ಬಳಸಿದರೆ ಗೋಡೆ ತುಂಬಾ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಕೋಡ್ ಸುಲಭ, ನಿಜ. ಆದರೆ ಈ ಚುಕ್ಕೆ ಗಲಾಟೆ (ನಾಯ್ಸ್) ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಅಂದರೆ 256; ಅದರಲ್ಲೂ ಅರ್ಧ ಬೇಕಾ, 1024. ಫ್ಯಾನ್ ಜೋರಾಗಿ ಕೂಗೋದೇ ಲಾಭ.

ಜಿಟರ್ ಮಾಡಿದಾಗ, ಅಂದರೆ ಪಿಕ್ಸೆಲನ್ನು 8×8 ಚೌಕ ಮಾಡಿ ಒಂದೊಂದರಲ್ಲೂ ಒಂದು ಬಿಂದು ಇಟ್ಟಾಗ, ಡಬ್ಬಗಳ ಅಂಚು ನೀಟಾಯಿತು. ಗೋಡೆ ಮಾತ್ರ ಹಾಗೇ ಉಳಿಯಿತು. ಬೆಳಕು ಒಂದೊಂದು ಸಲ ಪುಟಿದಾಗಲೂ ಹೊಸದಾಗಿ ಎರಡು ಸಂಖ್ಯೆ ಬೇಕಲ್ವಾ, ಪಿಕ್ಸೆಲಿನ ಎರಡು, ಪುಟಿದದ್ದರ ಎರಡು ಸೇರಿ ನಾಲ್ಕು ಆಯಾಮಕ್ಕೆ ಇದೇ ಥರ ಚೌಕ ಹಾಕೋಕೆ ಹೋದರೆ 4096 ಸ್ಯಾಂಪಲ್ ಆಗುತ್ತದೆ.

ಈ ಮೂರರಲ್ಲಿ ನನ್ನ ವೋಟು ಸೋಬೋಲ್‌ಗೆ. ರಷ್ಯಾದ ಗಣಿತಜ್ಞ ಇಲ್ಯಾ ಸೋಬೋಲ್ 1967ರಲ್ಲಿ ಕೊಟ್ಟ ಸರಣಿ ಇದು. ಬಿಂದುಗಳು ಒಂದೇ ಕಡೆ ಗುಂಪು ಕಟ್ಟದೆ ಜಾಗವನ್ನೆಲ್ಲ ಹದವಾಗಿ ತುಂಬುತ್ತವೆ, 16ಕ್ಕೋ 32ಕ್ಕೋ ನಿಲ್ಲಿಸಿದರೂ ಹದ ಕೆಡುವುದಿಲ್ಲ. ಎಲ್ಲ ಪಿಕ್ಸೆಲ್‌ಗೂ ಅದೇ ಸರಣಿ ಕೊಟ್ಟರೆ ಮಾತ್ರ ನಾಯ್ಸ್ ಬದಲು ಪಟ್ಟೆ ಪಟ್ಟೆ ಕಾಣುತ್ತದೆ, ಹಾಗಾಗಿ ಹದ ಕೆಡಿಸದೆ ಸರಣಿಯನ್ನು ಒಂದೊಂದು ಪಿಕ್ಸೆಲಿಗೂ ಬೇರೆ ಬೇರೆಯಾಗಿ ಕಲಸುವ ಓವೆನ್ ಸ್ಕ್ರ್ಯಾಂಬ್ಲಿಂಗ್‌ನಂಥದ್ದು ಬೇಕೇ ಬೇಕು. ಚುಕ್ಕೆಗಳು ಗುಂಪಾಗದೆ ಚಿತ್ರದ ತುಂಬ ಸಮನಾಗಿ ಹರಡುವ ಹಾಗೆ ಮಾಡುವ ಬ್ಲೂ ನಾಯ್ಸ್ ಕೂಡ ನೋಡಿದೆ: 4 ಸ್ಯಾಂಪಲ್‌ನ ಪ್ರಿವ್ಯೂಗೆ ಕಣ್ಣಿಗೆ ಹಿತ, ಅಷ್ಟೇ.

ಆದರೆ ಜಾಸ್ತಿ ವ್ಯತ್ಯಾಸ ಬಂದಿದ್ದು ಇವುಗಳಿಂದ ಅಲ್ಲವೇ ಅಲ್ಲ. ಕಿರಣಗಳನ್ನು ಸಿಕ್ಕ ದಿಕ್ಕಿಗೆಲ್ಲ ಬಿಟ್ಟರೆ ಆ ಪುಟ್ಟ ದೀಪಕ್ಕೆ ತಗಲುವುದೇ ಅಪರೂಪ. ತಗಲಿದಲ್ಲಿ ಚುಕ್ಕೆ, ತಗಲದಲ್ಲಿ ಕತ್ತಲು. ಕಿರಣ ಬಿದ್ದ ಕಡೆಯಿಂದೆಲ್ಲ ದೀಪದ ಕಡೆಗೇ ನೇರ ಒಂದು ಕಿರಣ ಬಿಟ್ಟು ನೋಡಿದೆ, ಬರೀ ರ‍್ಯಾಂಡಮ್ ಸಂಖ್ಯೆಯಲ್ಲೇ ಗೋಡೆ ಶುಭ್ರವಾಯಿತು, ಹಿಂದಿನ ಸೋಬೋಲ್ ಚಿತ್ರ ಅದರ ಮುಂದೆ ಏನೂ ಅಲ್ಲ!

ಇದಕ್ಕೂ ಒಂದು ತೊಡಕಿದೆ. ಹೊಳಪಿನ ಚೆಂಡು ಇಟ್ಟು ದೀಪ ದೊಡ್ಡದು ಮಾಡಿದರೆ ಪ್ರತಿಫಲನದಲ್ಲಿ ಮತ್ತೆ ಚುಕ್ಕೆ. ಅಲ್ಲಿ ಮೇಲ್ಮೈಯ ಹೊಳಪು ನೋಡಿ ದಿಕ್ಕು ಆರಿಸುವುದೇ ಸರಿ. ಎರಡನ್ನೂ ತೂಕ ಹಾಕಿ ಬೆರೆಸುವ ದಾರಿಯನ್ನು ವೀಚ್ ಮತ್ತು ಗೀಬಾಸ್ 1995ರಲ್ಲೇ ತೋರಿಸಿದ್ದಾರೆ. ಕೋಡ್ ಕೆಲವೇ ಸಾಲು. ಮೊದಲು ಇದನ್ನು ಹಾಕಿಕೊಳ್ಳಿ, ಸೋಬೋಲ್ ಆಮೇಲೆ.

ಗಾಜಿನ ಚೆಂಡಿನ ಕೆಳಗೆ ಬೀಳುವ ಬೆಳಕಿನ ಮಚ್ಚೆ ಮಾತ್ರ ಇದ್ಯಾವುದಕ್ಕೂ ಬಗ್ಗಲಿಲ್ಲ. ದೀಪದ ಕಡೆ ಬಿಟ್ಟ ನೇರ ಕಿರಣಕ್ಕೆ ಗಾಜೇ ಅಡ್ಡ.