200 ಆಂಪ್ ಮಿಗ್ ವೆಲ್ಡಿಂಗ್ ಮೆಷಿನ್ ಅಂತ ನಂಬಿ ಮೋಸ ಹೋದೆ, ನೀವು ಹೋಗಬೇಡಿ

ಮನೆ ಕೆಲಸಕ್ಕೆ ಸಣ್ಣ ಮಿಗ್ ವೆಲ್ಡಿಂಗ್ ಮೆಷಿನ್ (ವೈರ್ ತಾನಾಗೇ ಬಂದು ಕರಗಿ ಕಬ್ಬಿಣ ಬೆಸೆಯುವಂಥದ್ದು) ತಗೋಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 14,500 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ಬರೆಯೋಕೆ ನಾಚಿಕೆ ಆಗುತ್ತೆ, ಯಾಕಂದ್ರೆ ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವವನು. ಆದರೂ ಬರೆಯುತ್ತಿದ್ದೇನೆ, ಕೋಪ ಇನ್ನೂ ಇಳಿದಿಲ್ಲ.

ಮಗಳಿಗೆ ಹಿತ್ತಲಲ್ಲಿ ಉಯ್ಯಾಲೆ ಮಾಡಿಕೊಡಬೇಕಿತ್ತು. 16 ಗೇಜಿನ ಸ್ಕ್ವೇರ್ ಪೈಪ್ ತಂದಿದ್ದೆ. ಆರ್ಕ್ ವೆಲ್ಡಿಂಗ್ ನನ್ನ ಕೈಯಲ್ಲಿ ಆಗಲಿಲ್ಲ, ತೆಳು ಪೈಪು ತೂತು ಬೀಳುತ್ತಿತ್ತು. ಮಿಗ್ ಆದರೆ ಕಲಿಯೋದು ಸುಲಭ ಅಂತ ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಹಾಗಾಗಿ ರಜೆಯಲ್ಲಿ ತುಮಕೂರಿನಿಂದ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋದೆ. ಅಂಗಡಿ ಹೆಸರು ಇಲ್ಲಿ ಬೇಡ.

ಅಂಗಡಿಯವರ ಮಾತು ಇನ್ನೂ ಕಿವಿಯಲ್ಲಿದೆ. "ಗ್ಯಾಸ್ ಸಿಲಿಂಡರ್ ಬೇಡ ಸಾರ್, ವೈರ್ ಒಳಗೇ ಪೌಡರ್ ಇರುತ್ತೆ. ಪೂರಾ 200 ಆಂಪ್. ಮನೆಯ 16 ಆಂಪ್ ಪ್ಲಗ್ಗಿಗೆ ಹಾಕಿ ಓಡಿಸಿ. ಮುಂದೆ ಬೇಕಂದ್ರೆ ಗ್ಯಾಸೂ ಹಾಕ್ಕೋಬಹುದು." ಅಲ್ಲೇ ಇದ್ದ ಮೆಷಿನ್‌ನಲ್ಲಿ ಹೊಡೆದು ತೋರಿಸಿದರು. ಹೊಗೆ ಬಂತು, ಮೇಲೆ ಸ್ಲ್ಯಾಗ್, ಅಂದ್ರೆ ಪೌಡರ್ ಕರಗಿ ಗಟ್ಟಿಯಾದ ಪದರ ಕೂತಿತು, ಅದನ್ನು ಕೆರೆದರೆ ಕೆಳಗೆ ಚೆಂದದ ಬೀಡ್ (ಬೆಸುಗೆಯ ಗೆರೆ). ನನಗೆ ಸೀಲ್ ಆಗಿದ್ದ ಬೇರೆ ಬಾಕ್ಸ್ ಕೊಟ್ಟರು, ಜೊತೆಗೆ ಒಂದು ಕೆಜಿ ವೈರ್ ಸುರುಳಿ "ಫ್ರೀ". ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ 18 ಪರ್ಸೆಂಟ್ ಜಿಎಸ್‌ಟಿ ಸಾರ್, ಸುಮ್ನೆ ಯಾಕೆ? ವಾರಂಟಿಗೆ ನಾನಿದೀನಲ್ಲ." ಒಪ್ಪಿಕೊಂಡೆ. ಕೈಗೆ ಬಂದಿದ್ದು ಒಂದು ಎಸ್ಟಿಮೇಟ್ ಚೀಟಿ ಮಾತ್ರ.

ಮನೆಗೆ ಬಂದು ಹೊಡೆದರೆ ಚಟಪಟ ಸಿಡಿಯುತ್ತೆ, ಬೀಡ್ ತುಂಬಾ ದೋಸೆ ಮೇಲಿನ ಹಾಗೆ ತೂತು ತೂತು. ಫೋನ್ ಮಾಡಿದೆ. "ನಿಮ್ಮ ಕಡೆ ವೋಲ್ಟೇಜ್ ಕಡಿಮೆ ಇರಬೇಕು ಸಾರ್." ಮೀಟರ್ ಇಟ್ಟು ನೋಡಿದೆ, 228 ಇತ್ತು. ಮತ್ತೆ ಮಾಡಿದೆ. "ಹೊಸಬರಿಗೆ ಕೈ ಕೂರೋಕೆ ಟೈಮ್ ಬೇಕು ಸಾರ್, ಪ್ರಾಕ್ಟೀಸ್ ಮಾಡಿ." ಇದನ್ನು ನಂಬಿದೆ. ತಪ್ಪು ನನ್ನದೇ ಅಂದುಕೊಂಡು ಮೂರು ಸಂಜೆ ಸ್ಕ್ರ್ಯಾಪ್ ಪೈಪಿನ ಮೇಲೆ ಹೊಡೆದೇ ಹೊಡೆದೆ, ಆಮೇಲೆ ಪರವಾಗಿಲ್ಲ ಅನ್ನಿಸಿ ಉಯ್ಯಾಲೆಯನ್ನೂ ಜೋಡಿಸಿಬಿಟ್ಟೆ. ಮಗಳು ಕೂರುವ ಮುಂಚೆ ನಾನೇ ಕೂತು ನೋಡಿದೆ. ಎರಡನೇ ಜೀಕಿಗೆ ಮೇಲಿನ ಜಾಯಿಂಟ್ ಬಿಟ್ಟುಕೊಂಡಿತು. ನೆಲಕ್ಕೆ ಬಿದ್ದೆ. ಅವಳು ಪಕ್ಕದಲ್ಲೇ ನಿಂತಿದ್ದಳು, ಮುಂದಿನ ಸರದಿ ಅವಳದ್ದೇ.

ನಮ್ಮ ಬೀದಿ ಕೊನೆಯಲ್ಲಿ ಗ್ರಿಲ್ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ. ಅವರನ್ನು ಕರೆದು ತೋರಿಸಿದೆ. ಅವರು ಮೆಷಿನ್ ಮುಟ್ಟಲೇ ಇಲ್ಲ, ಮೊದಲು ವೈರ್ ನೋಡಿದರು. ತಾಮ್ರದ ಬಣ್ಣ ಇತ್ತು. ಕಟಿಂಗ್ ಪ್ಲೇಯರ್‌ನಲ್ಲಿ ಒಂದು ತುಂಡು ಕತ್ತರಿಸಿ ತುದಿಯನ್ನು ಜೋರಾಗಿ ಒತ್ತಿದರು. ಏನೂ ಉದುರಲಿಲ್ಲ. "ಎಲ್ಲಿದೆ ಮೇಷ್ಟ್ರೇ ಪೌಡರ್? ಇದು ಗಟ್ಟಿ ವೈರು. ಗ್ಯಾಸ್ ಇಲ್ದೆ ಇದು ಕೂರಲ್ಲ." ಸುರುಳಿಯ ಲೇಬಲ್ ತಿರುಗಿಸಿ ತೋರಿಸಿದರು, ಇಆರ್70ಎಸ್-6 ಅಂತ ಇತ್ತು. ಅದರಲ್ಲಿರುವ ಎಸ್ ಅಂದ್ರೆ ಸಾಲಿಡ್. ಸಿಒಟು ಅಥವಾ ಆರ್ಗಾನ್ ಬೆರೆಸಿದ ಗ್ಯಾಸ್ ಜೊತೆ ಓಡಿಸುವ ವೈರ್ ಅದು. ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಆ ಗ್ಯಾಸ್ ಕಾಯುತ್ತೆ, ಇಲ್ಲದಿದ್ದರೆ ತೂತು ಬೀಳುತ್ತೆ. ಗ್ಯಾಸ್ ಇಲ್ಲದೆ ಹೊಡೆಯುವ, ಒಳಗೆ ಪೌಡರ್ ಇರುವ ಫ್ಲಕ್ಸ್ ಕೋರ್ ವೈರಿನ ಸುರುಳಿ ಮೇಲೆ ಇ71ಟಿ-ಜಿಎಸ್ ಅಂತ ಇರುತ್ತೆ, ಬಣ್ಣ ಸಾಮಾನ್ಯವಾಗಿ ಬೂದಿ, ಒತ್ತಿದರೆ ಪುಡಿ ಉದುರುತ್ತೆ. ನನ್ನ ಬೀಡ್ ಮೇಲೆ ಒಂದು ಸಲವೂ ಸ್ಲ್ಯಾಗ್ ಬಂದಿರಲಿಲ್ಲ. ಅಂಗಡಿಯಲ್ಲಿ ಬಂದಿತ್ತು! ಅದು ನನಗೆ ಹೊಳೆಯಲೇ ಇಲ್ಲ. ಅವರೆದುರು ತಲೆ ಎತ್ತೋಕೆ ಆಗಲಿಲ್ಲ.

ಆಮೇಲೆ ಮೆಷಿನ್ ಹಿಂದಿನ ಪ್ಲೇಟ್ ಓದಿದೆವು. ಬಾಕ್ಸ್ ಮೇಲೆ ದೊಡ್ಡದಾಗಿ 200. ಪ್ಲೇಟ್ ಮೇಲೆ 120 ಆಂಪ್, ಡ್ಯೂಟಿ ಸೈಕಲ್ 20 ಪರ್ಸೆಂಟ್. ಅಂದ್ರೆ 120 ಆಂಪ್‌ನಲ್ಲಿ ಹತ್ತು ನಿಮಿಷಕ್ಕೆ ಎರಡು ನಿಮಿಷ ಹೊಡೆದು ಎಂಟು ನಿಮಿಷ ಕಾಯಬೇಕು. ಲೆಕ್ಕ ಹಾಕಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಮಿಗ್‌ನಲ್ಲಿ 200 ಆಂಪ್‌ಗೆ ಸುಮಾರು 24 ವೋಲ್ಟ್ ಬೇಕು, ಅಲ್ಲಿಗೇ 4,800 ವ್ಯಾಟ್ ಆಯ್ತು. 16 ಆಂಪ್ ಪ್ಲಗ್ಗಿನಿಂದ 230 ವೋಲ್ಟ್‌ನಲ್ಲಿ ಬರೋದೇ 3,680 ವ್ಯಾಟ್. ಇಲ್ಲದ ಕರೆಂಟು ಎಲ್ಲಿಂದ ಬರುತ್ತೆ? ಇದೇ ಲೆಕ್ಕವನ್ನು ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿಸುತ್ತೇನೆ, ನನಗೇ ಬೇಕಾದಾಗ ನೆನಪಾಗಲಿಲ್ಲ. ಇನ್ನು ಗ್ಯಾಸ್ ಹಾಕ್ಕೋಬಹುದು ಅಂದಿದ್ದು ಪೂರ್ತಿ ಸುಳ್ಳು. ಪೈಪ್ ಹಾಕೋಕೆ ಜಾಗವೇ ಇಲ್ಲ. ಗ್ಯಾಸ್‌ಗೆ ಟಾರ್ಚ್ (ಕೈಯಲ್ಲಿ ಹಿಡಿದು ಹೊಡೆಯುವ ಗನ್) ಪ್ಲಸ್‌ನಲ್ಲಿ ಇರಬೇಕು, ನನಗೆ ಕೊಟ್ಟಿದ್ದರಲ್ಲಿ ಅದು ಮೈನಸ್‌ಗೇ ಫಿಕ್ಸ್, ಬದಲಾಯಿಸೋಕೆ ಟರ್ಮಿನಲ್ ಕೂಡ ಇಲ್ಲ.

ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮರುದಿನ ಬಂದ ಉತ್ತರ: "ವೈರ್ ಓಪನ್ ಆದ್ಮೇಲೆ ನಮ್ಮ ಜವಾಬ್ದಾರಿ ಅಲ್ಲ ಸಾರ್." 200 ಆಂಪ್ ಎಲ್ಲಿ ಅಂತ ಕೇಳಿದೆ. "200 ಮಾಡೆಲ್ ನಂಬರ್ ಸಾರ್, ಆಂಪ್ ಅಲ್ಲ." ನೀವೇ ಬಾಯಿಬಿಟ್ಟು ಆಂಪ್ ಅಂದಿದ್ದಿರಲ್ಲ ಅಂದೆ. "ನೀವು ಓದಿದವರು, ಪ್ಲೇಟ್ ನೋಡಿ ತಗೋಬೇಕಿತ್ತು." ಮೂರು ದಿನ ನನ್ನ ಕೈ ಸರಿ ಇಲ್ಲ ಅಂದವರು, ನಾಲ್ಕನೇ ದಿನ ನನ್ನ ಕಣ್ಣು ಸರಿ ಇಲ್ಲ ಅಂದ ಹಾಗಾಯ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ಕೈಯಲ್ಲಿ ಬಿಲ್ ಇಲ್ಲ. ಎಸ್ಟಿಮೇಟ್ ಚೀಟಿಯಲ್ಲಿ ಅಂಗಡಿ ಹೆಸರೂ ಇಲ್ಲ.

ತಗೊಳ್ಳೋರು ಇಷ್ಟು ಮಾಡಿ. ಬಾಕ್ಸ್ ಮೇಲಿನ ನಂಬರ್ ಬಿಡಿ, ಹಿಂದಿನ ಪ್ಲೇಟ್ ಓದಿ. ನಿಮಗೆ ಕೊಡುವ ಮೆಷಿನ್ನನ್ನೇ, ನಿಮಗೆ ಕೊಡುವ ವೈರ್ ಹಾಕಿಸಿಯೇ ಹೊಡೆಸಿ ನೋಡಿ, ಡೆಮೊ ಪೀಸ್ ಬೇಡವೇ ಬೇಡ. ವೈರ್ ತುದಿ ಒತ್ತಿ ನೋಡಿ. 18 ಪರ್ಸೆಂಟ್ ಹೋದರೆ ಹೋಗಲಿ, ಬಿಲ್ ಇಲ್ಲದೆ ಅಂಗಡಿ ಬಿಟ್ಟು ಬರಬೇಡಿ, ಆ ಮಾತು ಬಂದಾಗಲೇ ನಾನು ಎದ್ದು ಬರಬೇಕಿತ್ತು.

ಸರಿಯಾದ ವೈರ್ ತಂದು ಹಾಕಿದ ಮೇಲೆ ಮೆಷಿನ್ ಕೆಲಸ ಮಾಡುತ್ತಿದೆ, ಸಣ್ಣ ಸ್ಟ್ಯಾಂಡ್, ಕುಂಡ ಇಡುವ ಫ್ರೇಮ್ ಅಂಥದ್ದಕ್ಕೆ ಸಾಕು. ಉಯ್ಯಾಲೆಯ ಎಂಟು ಜಾಯಿಂಟನ್ನೂ ನಿನ್ನೆ ಗ್ರೈಂಡರ್‌ನಲ್ಲಿ ಕಿತ್ತು ಹಾಕಿದೆ. ಭಾನುವಾರ ಆ ಅಣ್ಣನೇ ಬಂದು ಆರ್ಕ್‌ನಲ್ಲಿ ಹೊಡೆದುಕೊಡುತ್ತಾರಂತೆ.